ಪರಾವಲಂಬಿ ಕಣಜಗಳ ವಿಷ ಮತ್ತು ವೈರಾಣು

ತಮ್ಮ ಮರಿಗಳನ್ನು ಬೇರೊಂದು ಕೀಟದ ದೇಹದೊಳಗೆ ಅಥವಾ ದೇಹದ ಮೇಲೆ ಬೆಳೆಸುವ ಕಣಜಗಳನ್ನು ಪರಾವಲಂಬಿ ಕಣಜಗಳೆನ್ನುತ್ತೇವೆ. ಮರಿ ಬಲಿಯುವ ವೇಳೆಗೆ ಆತಿಥೇಯ ಕೀಟವು ಸಾಮಾನ್ಯವಾಗಿ ಸಾಯುವುದರಿಂದ, ಹೇನು ಉಣ್ಣೆಗಳ ಪರಾವಲಂಬನೆಗಿಂತ ಇದು ಭಿನ್ನವಾದುದು.

ವಿಷದ ಬಳಕೆಗೆ ಪ್ರಸಿದ್ಧ ನಿದರ್ಶನ ಆಂಪ್ಯುಲೆಕ್ಸ್ ಎಂಬ ಹಸಿರು ಹೊಳಪಿನ ರತ್ನಕಣಜ. ಇದು ಜಿರಳೆಯನ್ನು ಎರಡು ಬಾರಿ ಕುಟುಕುತ್ತದೆ. ಎದೆಗೆ ತಗಲುವ ಮೊದಲ ಕುಟುಕಿನಿಂದ ಮುಂಗಾಲುಗಳು ಕೆಲವು ನಿಮಿಷ ಸೋಲುತ್ತವೆ. ಎರಡನೆಯದು ನೇರವಾಗಿ ಮೆದುಳಿಗೆ. ಆಮೇಲೆ ಜಿರಳೆಯು ನಡೆಯಬಲ್ಲುದು, ಆದರೆ ತಾನಾಗಿ ನಡೆಯಲೊಲ್ಲದು. ಕಣಜವು ಅದರ ಮೀಸೆ ಹಿಡಿದು, ಹಗ್ಗ ಹಿಡಿದು ಹಸುವನ್ನು ನಡೆಸುವಂತೆ, ಬಿಲಕ್ಕೆ ಕರೆದೊಯ್ದು ಕಾಲಿನ ಮೇಲೆ ಮೊಟ್ಟೆಯಿಡುತ್ತದೆ.

ವೈರಾಣುವಿನ ಬಳಕೆ ಇದಕ್ಕಿಂತಲೂ ವಿಸ್ಮಯಕರ. ಕಂಬಳಿಹುಳುವಿನ ದೇಹದೊಳಗೆ ಮೊಟ್ಟೆಯಿಟ್ಟರೆ ಅದರ ರಕ್ತಕಣಗಳು ಮೊಟ್ಟೆಯನ್ನು ಮುತ್ತಿ, ಪದರಪದರವಾಗಿ ಕವಚ ಕಟ್ಟಿ ಕೊಲ್ಲಬೇಕು. ಹಾಗಾಗುವುದಿಲ್ಲವೇಕೆ? 1981ರಲ್ಲಿ ಎಡ್ಸನ್, ವಿನ್ಸನ್, ಸ್ಟೋಲ್ಟ್ಜ್ ಮತ್ತು ಸಮ್ಮರ್ಸ್ ಎಂಬ ವಿಜ್ಞಾನಿಗಳು ಕ್ಯಾಂಪೊಲೆಟಿಸ್ ಕಣಜದ ಮೊಟ್ಟೆಗಳನ್ನು ತೊಳೆದು ಹುಳುವಿನೊಳಗೆ ಇರಿಸಿದರು, ಕವಚ ಕಟ್ಟಿಕೊಂಡಿತು. ಕಣಜದ ಅಂಡಾಶಯದಿಂದ ಶುದ್ಧೀಕರಿಸಿದ ವೈರಾಣುವನ್ನೂ ಜೊತೆಗೆ ಚುಚ್ಚಿದಾಗ ಮೊಟ್ಟೆಗಳು ಉಳಿದವು. ಆ ವೈರಾಣುವನ್ನು ನಿಷ್ಕ್ರಿಯಗೊಳಿಸಿದರೆ ರಕ್ಷಣೆಯೂ ಇಲ್ಲವಾಗುತ್ತಿತ್ತು.

ಈ ವೈರಾಣುವಿನ ವಂಶವಾಹಿಗಳು ಕಣಜದ ವರ್ಣತಂತುಗಳಲ್ಲಿಯೇ ಸೇರಿಕೊಂಡು ತಾಯಿಯಿಂದ ಮರಿಗೆ ಬರುತ್ತವೆ. ಅಂಡಾಶಯದಲ್ಲಿ ಮಾತ್ರ ಕಣಗಳಾಗಿ ರೂಪುಗೊಳ್ಳುತ್ತವೆ. ಹುಳುವಿನೊಳಗೆ ಅವು ವೃದ್ಧಿಯಾಗುವುದಿಲ್ಲ. ಅದರ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವ ಪ್ರೋಟೀನುಗಳು ತಯಾರಾಗುವಂತೆ ಮಾಡುತ್ತವೆ. ಹಾಗಾದರೆ ಇದು ವೈರಾಣುವೆ, ಕಣಜದ್ದೇ ಒಂದು ಅಂಗವೆ? ಎರಡನೆಯದೇ ಸತ್ಯಕ್ಕೆ ಹತ್ತಿರವೆಂದು ನಮ್ಮ ಅಭಿಮತ. ಕೊಟೇಸಿಯಾ ಬಳಗದ ಕಣಜಗಳಲ್ಲಿ ಈ ಸಖ್ಯ ಸುಮಾರು 10 ಕೋಟಿ ವರ್ಷ ಹಳೆಯದು. ಮೂಲವು ನ್ಯೂಡಿವೈರಸ್ ಎಂಬ ಕೀಟವೈರಾಣುಗಳ ಗುಂಪೆಂದು 2009ರಲ್ಲಿ ತಿಳಿದುಬಂದಿತು. ಈ ಬಳಗದಲ್ಲಿ ವಿಷವೂ ವೈರಾಣುವಿಗೆ ನೆರವಾಗುತ್ತದೆ.

ನಮ್ಮ ಗಡಿಸೀಮೆಯ ಮಕ್ಕಳು ಇವನ್ನು ನೋಡಲು ಪ್ರಯೋಗಾಲಯಕ್ಕೆ ಹೋಗಬೇಕಾಗಿಲ್ಲ. ದಖನ್ನಿನ ಕಡಲೆ ಹೊಲಗಳಲ್ಲಿ ಕಾಯಿಕೊರಕ ಹುಳುವನ್ನು ಎಳೆಯದಿರುವಾಗಲೇ ಕೊಲ್ಲುವುದು ಕ್ಯಾಂಪೊಲೆಟಿಸ್ ಕ್ಲೋರಿಡೆ. ನೀಲಗಿರಿಯ ಎಲೆಕೋಸಿನ ವಜ್ರಬೆನ್ನಿನ ಪತಂಗಕ್ಕೆಂದು ತಂದುಬಿಟ್ಟ ಡಯಾಡೆಗ್ಮಾ ಕಣಜ ಅಲ್ಲಿನ ತಂಪಿನಲ್ಲಿ ನೆಲೆಯೂರಿದೆ. ಬಯಲಿನಲ್ಲಿ ಆ ಕೆಲಸ ಕೊಟೇಸಿಯಾದ್ದು. ಕೀಟನಾಶಕ ಸಿಂಪಡಿಸಿದರೆ ಹುಳುವಿನೊಡನೆ ಇವೂ ಸಾಯುತ್ತವೆ. ಸತ್ತ ಎಳೆಹುಳುವಿನ ಪಕ್ಕದಲ್ಲಿ ಅಕ್ಕಿಕಾಳಿನಂಥ ಗೂಡು ಕಂಡರೆ ಎಲೆಸಹಿತ ಸೀಸೆಯಲ್ಲಿರಿಸಿ, ಬಾಯಿಗೆ ತೆಳುಬಟ್ಟೆ ಕಟ್ಟಿರಿ. ಕೆಲವು ದಿನಗಳಲ್ಲಿ ಕಣಜ ಹೊರಬರುತ್ತದೆ. ಅದನ್ನು ಹೊಲಕ್ಕೇ ಬಿಡಿರಿ.