ಕಾಳಿಗೆ ಬರೆಸಿದ ಹೆಸರು

ಹಾಸ್ಟೆಲಿನಲ್ಲಿ ನಾವು ಕೆಲವರು ಭಾನುವಾರ ಸಂಜೆ ಕೂತು ಯಾವುದಾದರೊಂದು ಪುಸ್ತಕದ ಬಗ್ಗೆ ಮಾತಾಡುತ್ತೇವೆ. ಓದುಗರ ಬಳಗ ಎನ್ನುವಷ್ಟು ದೊಡ್ಡದೇನಲ್ಲ. ಆರೇಳು ಜನ, ಒಂದು ಫ್ಲಾಸ್ಕ್ ಚಹಾ, ಅಷ್ಟೆ. ಹೋದ ತಿಂಗಳು ಎಂ.ಎ. ಓದುವ ಹುಡುಗಿಯರು ಹಠ ಹಿಡಿದು ಸುಝೇನ್ ಕಾಲಿನ್ಸ್ ಅವರ ‘ದ ಹಂಗರ್ ಗೇಮ್ಸ್’ ಆರಿಸಿದರು. 2008ರಲ್ಲಿ ಬಂದ ಕಾದಂಬರಿ, ಸಿನಿಮಾ ಆಗಿ ಜಗತ್ತೆಲ್ಲ ಸುತ್ತಿದ್ದು. ಪ್ರಾಚೀನ ಕಾಲದ ಬರ ಮತ್ತು ಧಾನ್ಯ ವಿತರಣೆಯ ಮೇಲೆ ಸಂಶೋಧನೆ ಮಾಡುತ್ತಿರುವ ನಾನು, ಇದು ಹದಿಹರೆಯದವರ ಪುಸ್ತಕ ಎಂಬ ಉದಾಸೀನದಲ್ಲೇ ಓದತೊಡಗಿದೆ. ಮೊದಲ ಅಧ್ಯಾಯದಲ್ಲೇ ‘ಟೆಸೆರಾ’ ಎಂಬ ಪದ ಸಿಕ್ಕಾಗ ಎದ್ದು ಕೂತೆ. ಎರಡು ವರ್ಷಗಳಿಂದ ನನ್ನ ಟಿಪ್ಪಣಿ ಪುಸ್ತಕದಲ್ಲಿ ದಿನವೂ ಬರುತ್ತಿದ್ದ ಪದ ಅದು.

ಓದದವರಿಗಾಗಿ ಕಥೆಯನ್ನು ಚುಟುಕಾಗಿ ಹೇಳುತ್ತೇನೆ. ಉತ್ತರ ಅಮೆರಿಕ ಹಾಳಾಗಿ ಹೋದ ಮೇಲೆ ಅಲ್ಲಿ ಎದ್ದ ದೇಶದ ಹೆಸರು ಪ್ಯಾನೆಮ್. ನಡುವೆ ಸಿರಿವಂತ ರಾಜಧಾನಿ ಕ್ಯಾಪಿಟಲ್, ಸುತ್ತ ಅದನ್ನು ಸಾಕುವ ಹನ್ನೆರಡು ಜಿಲ್ಲೆಗಳು. ಹಿಂದೊಮ್ಮೆ ಜಿಲ್ಲೆಗಳು ದಂಗೆ ಎದ್ದ ತಪ್ಪಿಗೆ, ಪ್ರತಿ ವರ್ಷ ಪ್ರತಿ ಜಿಲ್ಲೆ ಹನ್ನೆರಡರಿಂದ ಹದಿನೆಂಟು ವಯಸ್ಸಿನ ಒಬ್ಬ ಹುಡುಗ, ಒಬ್ಬ ಹುಡುಗಿಯನ್ನು ಕೊಡಬೇಕು. ಇಪ್ಪತ್ನಾಲ್ಕು ಮಕ್ಕಳು ಒಬ್ಬರೇ ಉಳಿಯುವ ತನಕ ಬಡಿದಾಡುವುದನ್ನು ದೇಶವೆಲ್ಲ ಟಿವಿಯಲ್ಲಿ ನೋಡಬೇಕು. ಮಕ್ಕಳನ್ನು ಚೀಟಿ ಎತ್ತಿ ಆರಿಸುವ ದಿನಕ್ಕೆ ಕಾಲಿನ್ಸ್ ಕೊಟ್ಟ ಹೆಸರು ‘ಕೊಯ್ಲು’. ಹನ್ನೆರಡನೇ ಜಿಲ್ಲೆಯ ಕಲ್ಲಿದ್ದಲು ಗಣಿಯಲ್ಲಿ ಅಪ್ಪನನ್ನು ಕಳೆದುಕೊಂಡ ಹದಿನಾರರ ಕ್ಯಾಟ್‌ನಿಸ್, ತಂಗಿಯ ಹೆಸರು ಬಂದಾಗ ತಾನೇ ಮುಂದೆ ಬರುತ್ತಾಳೆ. ರಿಯಾಲಿಟಿ ಶೋ ಮತ್ತು ಇರಾಕ್ ಯುದ್ಧದ ದೃಶ್ಯಗಳ ನಡುವೆ ಟಿವಿ ಚಾನೆಲ್ ಬದಲಿಸುತ್ತಿದ್ದಾಗ ಕಥೆ ಹೊಳೆಯಿತು ಎಂದು ಲೇಖಕಿ ಹೇಳಿಕೊಂಡಿದ್ದಾರೆ. ಹಾಗಾಗಿ ಇದರ ಬಗ್ಗೆ ಬಂದ ಬರಹಗಳಲ್ಲಿ ಹೆಚ್ಚಿನವು ಟಿವಿ, ಹಿಂಸೆ, ನೋಡುವವರ ಚಪಲದ ಬಗ್ಗೆ. ನನ್ನ ಕಣ್ಣು ಹೋದದ್ದು ಕಾಳಿನ ಕಡೆಗೆ.

ಕಾದಂಬರಿಯ ಲೆಕ್ಕ ಹೀಗಿದೆ. ಹನ್ನೆರಡು ತುಂಬಿದ ವರ್ಷ ಮಗುವಿನ ಹೆಸರಿನ ಒಂದು ಚೀಟಿ ಗಾಜಿನ ಬುಟ್ಟಿಗೆ ಬೀಳುತ್ತದೆ, ಮುಂದೆ ವರ್ಷಕ್ಕೊಂದು ಸೇರುತ್ತದೆ. ಮನೆಯಲ್ಲಿ ಹಸಿವಿದ್ದರೆ ಇನ್ನೊಂದು ಚೀಟಿ ಹಾಕಿಸಿಕೊಂಡು ಒಂದು ಟೆಸೆರಾ ಪಡೆಯಬಹುದು: ಒಬ್ಬರಿಗೆ ಒಂದು ವರ್ಷಕ್ಕೆ ಅರೆಹೊಟ್ಟೆಯ ಕಾಳು, ಒಂದಿಷ್ಟು ಎಣ್ಣೆ. ಮನೆಯ ಪ್ರತಿಯೊಬ್ಬರ ಪಾಲಿಗೂ ಒಂದೊಂದು ತೆಗೆದುಕೊಳ್ಳಬಹುದು. ಕ್ಯಾಟ್‌ನಿಸ್ ತನಗೆ, ಅಮ್ಮನಿಗೆ, ತಂಗಿಗೆ ಎಂದು ಪ್ರತಿ ವರ್ಷ ಮೂರು ತೆಗೆದುಕೊಂಡು, ಹದಿನಾರಕ್ಕೆ ಬರುವಾಗ ಇಪ್ಪತ್ತು ಚೀಟಿಗಳ ಒಡತಿ. ಐದು ಜನರ ಮನೆ ನಡೆಸುವ ಅವಳ ಗೆಳೆಯ ಗೇಲ್‌ನದು ನಲವತ್ತೆರಡು. ಇದನ್ನು ನಾನು ‘ರೇಷನ್ ಚೀಟಿ’ ಎಂದು ಕನ್ನಡಿಸಿ ವಿವರಿಸುತ್ತಿದ್ದಾಗ ಜೂನಿಯರ್ ಒಬ್ಬಳು ನಡುವೆ ಕೇಳಿದಳು: “ಅಕ್ಕಾ, ಅವರೇ ತಾನೇ ಹೋಗಿ ಹೆಸರು ಬರೆಸಿದ್ದು? ಯಾರೂ ಕೈ ಹಿಡಿದು ಎಳೆದಿಲ್ಲವಲ್ಲ!” ಅವಳು ಕುಹಕಕ್ಕೆ ಕೇಳಿದ್ದಲ್ಲ. ಆ ಸಂಜೆ ನಾನು ಕೊಟ್ಟ ಉತ್ತರ ನನಗೇ ಸಾಲಲಿಲ್ಲ. ಈ ಬರಹ ಅದರ ಮುಂದುವರಿಕೆ.

ಟೆಸೆರಾ ರೋಮಿನದೇ ಪದ. ಬಿಲ್ಲೆ, ಗುರುತಿನ ತುಂಡು ಎಂದರ್ಥ. ಕ್ರಿ.ಪೂ. 123ರಲ್ಲಿ ಗಾಯಸ್ ಗ್ರಾಕಸ್ ತಂದ ಕಾನೂನಿನಿಂದ ರೋಮಿನ ನಾಗರಿಕರಿಗೆ ಅಗ್ಗದ ಬೆಲೆಗೆ ಗೋಧಿ ಸಿಗತೊಡಗಿತು, ಕ್ರಿ.ಪೂ. 58ರಲ್ಲಿ ಕ್ಲೋಡಿಯಸ್ ಅದನ್ನು ಪುಕ್ಕಟೆ ಮಾಡಿದ. ಒಬ್ಬರಿಗೆ ತಿಂಗಳಿಗೆ ಐದು ಮೋಡಿಯಸ್, ನಮ್ಮ ಲೆಕ್ಕದಲ್ಲಿ ಸುಮಾರು 33 ಕಿಲೋ. ಜೂಲಿಯಸ್ ಸೀಸರ್ ಪಟ್ಟಿ ಪರಿಷ್ಕರಿಸಿ 3,20,000 ಇದ್ದ ಫಲಾನುಭವಿಗಳನ್ನು 1,50,000ಕ್ಕೆ ಇಳಿಸಿದ. (ಪಟ್ಟಿ ಪರಿಷ್ಕರಣೆ ಎಂಬ ಮಾತು ಎಷ್ಟು ಹಳೆಯದು ನೋಡಿ.) ಅಗಸ್ಟಸ್ ಕಾಲಕ್ಕೆ ಅದು ಸುಮಾರು ಎರಡು ಲಕ್ಷಕ್ಕೆ ನಿಂತಿತು. ಬಿಲ್ಲೆ ತೋರಿಸಿದವರಿಗೆ ಕಾಳು. ಮೂರನೇ ಶತಮಾನದ ಹೊತ್ತಿಗೆ ಎಣ್ಣೆಯೂ ಸೇರಿತು.

ಇಷ್ಟು ಹೇಳಿದರೆ ಕಾಲಿನ್ಸ್ ರೋಮನ್ನು ಹಾಗೇ ಎತ್ತಿಕೊಂಡರು ಅನ್ನಿಸಬಹುದು. ಹಾಗಲ್ಲ. ರೋಮಿನಲ್ಲಿ ಬಿಲ್ಲೆ ರಾಜಧಾನಿಯವರ ಹಕ್ಕು, ಒಂದು ರೀತಿಯ ಹೆಮ್ಮೆ ಕೂಡ. ವಯಸ್ಕ ಪುರುಷ ನಾಗರಿಕನ ಹೆಸರಿಗೆ ಅದು. ಕ್ಯಾಟ್‌ನಿಸ್‌ನಂಥ ಹುಡುಗಿಗೆ ಪಟ್ಟಿಯಲ್ಲಿ ಜಾಗವೇ ಇರುತ್ತಿರಲಿಲ್ಲ. ಅದನ್ನು ತೆಗೆದುಕೊಂಡದ್ದಕ್ಕಾಗಿ ಯಾರೂ ಅಖಾಡಕ್ಕೆ ಇಳಿಯಬೇಕಾಗಿರಲಿಲ್ಲ. ಬಿಲ್ಲೆಯವರು ಮೇಲಿನ ಮೆಟ್ಟಿಲುಗಳಲ್ಲಿ ಕೂತು ಆಟ ನೋಡುವವರು. ಕಾಲಿನ್ಸ್ ಈ ಬಿಲ್ಲೆಯನ್ನು ರಾಜಧಾನಿಯ ಕೈಯಿಂದ ಕಿತ್ತು ಜಿಲ್ಲೆಯ ಮಕ್ಕಳ ಕೈಗೆ ಕೊಟ್ಟರು. ನನ್ನ ಮಟ್ಟಿಗೆ ಇಡೀ ಕಾದಂಬರಿಯ ಅತ್ಯಂತ ಜಾಣ ಕೆಲಸ ಇದು.

ಪ್ಯಾನೆಮ್ ಎಂಬ ಹೆಸರು ಜುವೆನಲ್ ಎಂಬ ಕವಿಯ ಹತ್ತನೇ ವಿಡಂಬನೆಯಿಂದ ಬಂದದ್ದು. ಮೂರನೇ ಭಾಗದಲ್ಲಿ ಪಾತ್ರವೊಂದು ಅದನ್ನು ಬಿಡಿಸಿ ಹೇಳುತ್ತದೆ. ಒಂದು ಕಾಲಕ್ಕೆ ಅಧಿಕಾರ ಹಂಚುತ್ತಿದ್ದ ಜನ ಈಗ ರೊಟ್ಟಿ ಮತ್ತು ಆಟ ಎರಡಕ್ಕೇ ಬಾಯಿಬಿಡುತ್ತಿದ್ದಾರೆ ಎಂಬುದು ಕವಿಯ ದೂರು. ಬಡವರನ್ನು ಬೈಯಲು ಇಂದಿಗೂ ಈ ಮಾತನ್ನು ಬಳಸುತ್ತಾರೆ, ನನಗೆ ಅದು ಕೇಳಿದಾಗಲೆಲ್ಲ ಕಸಿವಿಸಿ. ಅದೇ ಎರಡನೇ ಶತಮಾನದ ಫ್ರೊಂಟೊ ಇದೇ ಮಾತನ್ನು ಮೆಚ್ಚುಗೆಯಾಗಿ ಹೇಳಿದ್ದಾನೆ. ರೋಮಿನ ಜನರನ್ನು ಹಿಡಿದಿಡುವುದು ಧಾನ್ಯ ಮತ್ತು ಪ್ರದರ್ಶನ ಎಂಬುದನ್ನು ಟ್ರಾಜನ್ ಅರಿತಿದ್ದ, ಧಾನ್ಯ ಪಟ್ಟಿಯಲ್ಲಿದ್ದವರನ್ನು ಮಾತ್ರ ತಣಿಸುತ್ತದೆ, ಆಟ ಎಲ್ಲರನ್ನೂ ತಣಿಸುತ್ತದೆ ಎನ್ನುತ್ತಾನೆ. ಆ ಟ್ರಾಜನ್ ಡೇಸಿಯಾ ಗೆದ್ದ ಮೇಲೆ 123 ದಿನ ಆಟ ನಡೆಸಿ ಹತ್ತು ಸಾವಿರ ಗ್ಲಾಡಿಯೇಟರುಗಳನ್ನು ಇಳಿಸಿದ ಎಂದು ಕ್ಯಾಸಿಯಸ್ ಡಿಯೊ ಬರೆಯುತ್ತಾನೆ. ರೋಮಿನ ಐದು ಸಾವಿರಕ್ಕೆ ತುಸು ಕಡಿಮೆ ಮಕ್ಕಳನ್ನು ಧಾನ್ಯದ ಪಟ್ಟಿಗೆ ಸೇರಿಸಿದವನೂ ಅವನೇ. ಅದನ್ನು ಹೊಗಳುವಾಗ ಪ್ಲಿನಿ, ನಾಳೆ ಸೈನ್ಯದ ಪಾಳೆಯ ತುಂಬುವವರು ಇವರೇ ಎಂದು ಸಂತೋಷಪಡುತ್ತಾನೆ. ಮಗುವಿಗೆ ಹಾಕಿದ ಅನ್ನದ ಪಕ್ಕದಲ್ಲೇ ಅದರ ಮೈಯ ಲೆಕ್ಕವೂ ನಡೆದಿದೆ.

ಹಾಗಾದರೆ ರೋಮಿನ ‘ಜಿಲ್ಲೆ’ಗಳಿಗೆ ಏನು ಸಿಗುತ್ತಿತ್ತು? ರಾಜಧಾನಿಯ ಗೋಧಿ ಸಿಸಿಲಿ, ಉತ್ತರ ಆಫ್ರಿಕ, ಈಜಿಪ್ಟುಗಳಿಂದ ಹಡಗಿನಲ್ಲಿ ಬರುತ್ತಿತ್ತು. ಬೆಳೆದವರ ಪಾಡು ಬರೆದವರು ಬಹಳ ಕಡಿಮೆ. ಏಷ್ಯಾ ಮೈನರಿನ ಪೆರ್ಗಮಮ್ ಊರಿನ ವೈದ್ಯ ಗ್ಯಾಲೆನ್ ಬರೆದ ಪುಟಗಳು ಅದಕ್ಕೇ ನನಗೆ ಅಮೂಲ್ಯ. ಬರದ ವರ್ಷಗಳಲ್ಲಿ ಸುಗ್ಗಿ ಮುಗಿದ ಕೂಡಲೇ ಪಟ್ಟಣದವರು ಬಂದು ವರ್ಷಕ್ಕಾಗುವಷ್ಟು ಗೋಧಿ, ಬಾರ್ಲಿ, ಅವರೆ, ಮಸೂರ ಹೇರಿಕೊಂಡು ಹೋಗುತ್ತಿದ್ದರು; ಹಳ್ಳಿಯವರು ಉಳಿದ ಕಾಳುಕಡ್ಡಿಯಲ್ಲಿ ಚಳಿಗಾಲ ದೂಡಿ, ವಸಂತದಲ್ಲಿ ಗಿಡಮರಗಳ ಚಿಗುರು, ಗೆಡ್ಡೆ, ಬೇರು ತಿನ್ನುತ್ತಿದ್ದರು. ಬೇಸಿಗೆಗೆ ಅವರ ಚರ್ಮದಲ್ಲಿ ಹುಣ್ಣೇಳುತ್ತಿದ್ದವು, ಜ್ವರ ಬಂದು ಹಲವರು ಸಾಯುತ್ತಿದ್ದರು. ಗ್ಯಾಲೆನ್ ಇದನ್ನು ಅಳುತ್ತ ಬರೆದಿಲ್ಲ. ಆಹಾರದಿಂದ ದೇಹದಲ್ಲಿ ಹುಟ್ಟುವ ರಸಗಳ ಗ್ರಂಥದಲ್ಲಿ ರೋಗದ ಕಾರಣವಾಗಿ ದಾಖಲಿಸಿದ್ದಾನೆ. ಕ್ಯಾಟ್‌ನಿಸ್ ಎಂಬುದೂ ಜೌಗುನೆಲದ ಒಂದು ಗೆಡ್ಡೆಯ ಹೆಸರೇ. ಅಪ್ಪ ಸತ್ತ ಮೇಲೆ ಅವಳ ಮನೆ ಉಳಿದದ್ದು ಬೇಲಿಯಾಚೆ ಕಾಡಿನಿಂದ ತಂದ ಸೊಪ್ಪು, ಬೇಟೆ, ಆ ಗೆಡ್ಡೆಗಳಿಂದ. ಹನ್ನೊಂದನೇ ಜಿಲ್ಲೆ ಇಡೀ ದೇಶಕ್ಕೆ ಬೆಳೆ ಬೆಳೆಯುತ್ತದೆ. ಅಲ್ಲಿಯವರು ಆ ಬೆಳೆ ತಿಂದರೆ ಚಾಟಿಯೇಟು. ಕಾಲಿನ್ಸ್ ಗ್ಯಾಲೆನ್‌ನನ್ನು ಓದಿರಲಿ ಬಿಡಲಿ, ಈ ಭಾಗ ಕಲ್ಪನೆಗಿಂತ ಇತಿಹಾಸಕ್ಕೆ ಹತ್ತಿರ.

ಒಂದು ಎಚ್ಚರ ಹೇಳಲೇಬೇಕು. ಅಖಾಡದ ವಿಷಯಕ್ಕೆ ಬಂದರೆ ಕಾದಂಬರಿ ರೋಮಿನಿಂದ ದೂರ. ಗ್ಲಾಡಿಯೇಟರುಗಳ ಪ್ರತಿ ಕಾಳಗವೂ ಸಾವಿನಲ್ಲಿ ಮುಗಿಯುತ್ತಿರಲಿಲ್ಲ. ತಿಂಗಳುಗಟ್ಟಲೆ ಹಣ ಸುರಿದು ತರಬೇತಿ ಕೊಟ್ಟವನನ್ನು ಸುಮ್ಮನೆ ಕಳೆದುಕೊಳ್ಳಲು ಯಜಮಾನ ತಯಾರಿರಲಿಲ್ಲ. ಮಕ್ಕಳನ್ನು ಕಪ್ಪವಾಗಿ ಕೊಡುವ ಎಳೆ ಗ್ರೀಕರ ಥೀಸಿಯಸ್ ಪುರಾಣದ್ದು, ಅಲ್ಲಿ ಅಥೆನ್ಸ್ ಏಳು ಹುಡುಗರು, ಏಳು ಹುಡುಗಿಯರನ್ನು ಕ್ರೀಟಿಗೆ ಕಳಿಸುತ್ತದೆ.

ಈಗ ಜೂನಿಯರ್ ಕೇಳಿದ್ದಕ್ಕೆ ಬರುತ್ತೇನೆ. ರೋಮಿನಲ್ಲಿ ತಾವಾಗಿ ಅಖಾಡಕ್ಕೆ ಇಳಿದ ಸ್ವತಂತ್ರ ನಾಗರಿಕರೂ ಇದ್ದರು. ‘ಆಕ್ಟೊರಾಟಿ’ ಎಂದು ಅವರಿಗೆ ಹೆಸರು. ಹಣ ಪಡೆದು ಯಜಮಾನನಿಗೆ ತಮ್ಮನ್ನು ಗುತ್ತಿಗೆ ಬರೆದುಕೊಟ್ಟವರು. ಬೆಂಕಿ, ಸಂಕೋಲೆ, ಏಟು, ಕತ್ತಿಯ ಸಾವು ಎಲ್ಲಕ್ಕೂ ಒಪ್ಪಿದ್ದೇನೆ ಎಂದು ಪ್ರಮಾಣ ಮಾಡಬೇಕಿತ್ತು. ಪ್ರಮಾಣ ಇತ್ತು, ಆದ್ದರಿಂದ ಕಾನೂನಿನ ಕಣ್ಣಿಗೆ ಅದು ಸಮ್ಮತಿ. ಸಾಲ, ಹಸಿವು ಎಷ್ಟಿತ್ತು ಎಂದು ಪ್ರಮಾಣ ಮಾಡಿಸುವವರು ಕೇಳಬೇಕಾಗಿರಲಿಲ್ಲ. ಮೇಲಾಗಿ ಹಾಗೆ ಇಳಿದವನಿಗೆ ಕಳಂಕ ಹಚ್ಚಿ, ನಾಗರಿಕ ಗೌರವ ಕಿತ್ತುಕೊಂಡು, ತಪ್ಪನ್ನು ಅವನ ತಲೆಗೇ ಕಟ್ಟಿದರು. ಟೆಸೆರಾ ಮಾಡುವುದೂ ಇದನ್ನೇ. ಕ್ಯಾಪಿಟಲ್ ಯಾರ ಕೈಯನ್ನೂ ಹಿಡಿದು ಎಳೆಯುವುದಿಲ್ಲ, ಹಸಿವಿಗೆ ಆ ಕೆಲಸ ವಹಿಸಿ ಲೆಕ್ಕದ ಪುಸ್ತಕ ತೆರೆದು ಕೂರುತ್ತದೆ. ಗೇಲ್‌ಗೆ ಇದು ಗೊತ್ತು. ರಾತ್ರಿಯೂಟದ ಖಾತ್ರಿ ಇರುವವರ ಮೇಲೆ ಹಸಿದವರಿಗೆ ದ್ವೇಷ ಹುಟ್ಟಿಸಲು ಮಾಡಿದ ಹೂಟ ಇದು ಎಂದು ಅವನು ಕಾಡಿನಲ್ಲಿ ಕೂಗಾಡುತ್ತಾನೆ. ಆದರೂ ಮೇಯರನ ಮಗಳ ಚೀಟಿ ಐದೇ ಅಲ್ಲವೇ ಎಂದು ಅವಳ ಮೇಲೇ ಹರಿಹಾಯುತ್ತಾನೆ.

ಕಾಳನ್ನು ಹೀಗೆ ಪಟ್ಟಾಗಿ ಬಳಸಿದ್ದು ರೋಮಿನವರ ನೆನಪಿನಲ್ಲಿ ಬಹಳ ಹಿಂದಿನದು. ಕ್ರಿ.ಪೂ. 491ರಲ್ಲಿ ಬರದ ನಡುವೆ ಸಿಸಿಲಿಯಿಂದ ಗೋಧಿ ಬಂದಾಗ, ಹಳೆಯ ಬೆಲೆಗೆ ಧಾನ್ಯ ಬೇಕಾದರೆ ಸಾಮಾನ್ಯ ಜನ ತಾವು ಹೋರಾಡಿ ಪಡೆದ ಪ್ರತಿನಿಧಿಗಳನ್ನು ಬಿಟ್ಟುಕೊಡಲಿ ಎಂದು ಒಬ್ಬ ಶ್ರೀಮಂತ ವೀರ ಸೆನೆಟ್‌ನಲ್ಲಿ ವಾದಿಸಿದ ಎಂದು ಲಿವಿ ಹೇಳುತ್ತಾನೆ. ಆ ವ್ಯಕ್ತಿ ನಿಜಕ್ಕೂ ಇದ್ದನೇ ಎಂಬ ಬಗ್ಗೆ ಇತಿಹಾಸಕಾರರಿಗೆ ಅನುಮಾನವಿದೆ. ಅವನ ಹೆಸರು ಕೊರಿಯೊಲೇನಸ್. ಪ್ಯಾನೆಮ್‌ನ ಅಧ್ಯಕ್ಷ ಸ್ನೋಗೆ ಕಾಲಿನ್ಸ್ ಇಟ್ಟ ಮೊದಲ ಹೆಸರೂ ಅದೇ.

ಮುಂದಿನ ಭಾನುವಾರ ಇದನ್ನೆಲ್ಲ ಹೇಳಿದೆ. ಆ ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಆ ರೊಟ್ಟಿ?” ಎಂದಳು. ಅವಳು ಕೇಳಿದ್ದು ಅಖಾಡದ ನಡುವೆ ಬರುವ ರೊಟ್ಟಿಯ ಬಗ್ಗೆ. ಹನ್ನೊಂದನೇ ಜಿಲ್ಲೆಯ ಹನ್ನೆರಡು ವರ್ಷದ ರೂ ಸತ್ತಾಗ ಕ್ಯಾಟ್‌ನಿಸ್ ಅವಳ ಮೈಗೆ ಕಾಡುಹೂ ಮುಚ್ಚುತ್ತಾಳೆ. ಆ ಮೇಲೆ ಆಕಾಶದಿಂದ ಪುಟ್ಟ ಪ್ಯಾರಾಚೂಟಿನಲ್ಲಿ ಒಂದು ರೊಟ್ಟಿ ಇಳಿಯುತ್ತದೆ. ತಾವು ಬೆಳೆದದ್ದನ್ನು ತಿಂದರೆ ಏಟು ತಿನ್ನುವ ಜನ, ಕಾಸಿಗೆ ಕಾಸು ಸೇರಿಸಿ ತಮ್ಮ ಹುಡುಗಿಗೆಂದು ಕೊಂಡಿರಬೇಕಾದದ್ದು. ಅದನ್ನು ಈಗ ಪರ ಜಿಲ್ಲೆಯ ಹುಡುಗಿಗೆ ಕಳಿಸಿದ್ದಾರೆ. ಯಾವ ಬುಟ್ಟಿಗೂ ಅದಕ್ಕಾಗಿ ಚೀಟಿ ಬೀಳಲಿಲ್ಲ. ನನ್ನ ಟಿಪ್ಪಣಿ ಪುಸ್ತಕದಲ್ಲಿ ಅದನ್ನು ಯಾವ ಶೀರ್ಷಿಕೆಯ ಕೆಳಗೆ ಬರೆಯಬೇಕೋ ಇನ್ನೂ ತೋಚಿಲ್ಲ.