ಸೇವೆಗೂ ಒಂದು ಪೀರಿಯಡ್



ಇಲ್ಲಿನ ಜಪಾನಿ ಪ್ರಾಥಮಿಕ ಶಾಲೆಗೆ ಮಗುವನ್ನು ಸೇರಿಸಿದವರಿಗೆ ಶಾಲೆಯವರು ಕೊಟ್ಟ ಪಟ್ಟಿ ನೆನಪಿರಬಹುದು. ಪೆನ್ಸಿಲ್, ಒಳಗೆ ಹಾಕಿಕೊಳ್ಳುವ ಶೂ, ಆಟದ ಬಟ್ಟೆ ಇವುಗಳ ಜೊತೆಗೆ ‘ಜೋಕಿನ್’, ಅಂದರೆ ನೆಲ ಒರೆಸುವ ಬಟ್ಟೆ. ಊರಿಗೆ ಫೋನ್ ಮಾಡಿ ಹೇಳಿದರೆ ಅಜ್ಜಿ ನಂಬುವುದೇ ಇಲ್ಲ. ‘ಅಷ್ಟು ಫೀಸು ಕಟ್ಟಿ ಮಗು ಕೈಲಿ ನೆಲ ಒರೆಸ್ತಾರಾ?’ ಎನ್ನುತ್ತಾರೆ. ಫೀಸು ಇಲ್ಲದ ಸರ್ಕಾರಿ ಶಾಲೆ ಎಂದರೆ ಇನ್ನೂ ಆಶ್ಚರ್ಯ.

ಮಕ್ಕಳೇ, ನಿಮಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ತರಗತಿ ಗುಡಿಸುವುದು, ಬಿಳಿ ಟೋಪಿ ಹಾಕಿಕೊಂಡು ಸರದಿಯ ಪ್ರಕಾರ ಸಹಪಾಠಿಗಳಿಗೆ ಊಟ ಬಡಿಸುವುದು ನಿಮ್ಮ ದಿನಚರಿ. ಆದರೆ ಶಾಲೆಯ ಗೇಟಿನಿಂದ ಆಚೆ ಹೋಗಿ ಊರಿಗಾಗಿ ಕೆಲಸ ಮಾಡುವುದನ್ನೂ ಪಾಠವಾಗಿ ಕಲಿಸಬೇಕೇ? ಈ ಪ್ರಶ್ನೆಗೆ ಜಪಾನಿನಲ್ಲೂ ನಮ್ಮ ಕರ್ನಾಟಕದಲ್ಲೂ ಒಂದು ಉದ್ದನೆಯ ಕಥೆ ಇದೆ. ಈ ತಿಂಗಳು ಅದನ್ನು ನೋಡೋಣ.

ಆಜ್ಞೆಯಾದ ಸೇವೆ

ಜಪಾನಿ ಭಾಷೆಯಲ್ಲಿ ಸೇವೆಗೆ ‘ಹೋಶಿ’ ಎನ್ನುತ್ತಾರೆ. ಇಲ್ಲಿನ ಹಿರಿಯರಲ್ಲಿ ಕೆಲವರಿಗೆ ಈ ಪದ ಕೇಳಿದರೆ ಮನಸ್ಸು ಭಾರವಾಗುತ್ತದೆ. ಕಾರಣ ಯುದ್ಧದ ದಿನಗಳದು. 1938ರಲ್ಲಿ ಸರ್ಕಾರ ವಿದ್ಯಾರ್ಥಿಗಳನ್ನು ವರ್ಷಕ್ಕೆ ಕೆಲವು ದಿನ ಒಟ್ಟಾಗಿ ದುಡಿಮೆಗೆ ಕಳಿಸಲು ಶಾಲೆಗಳಿಗೆ ಸೂಚಿಸಿತು. ಯುದ್ಧ ಬೆಳೆದಂತೆ ಆ ದಿನಗಳೂ ಬೆಳೆದವು. 1944ರ ಹೊತ್ತಿಗೆ ಮಕ್ಕಳು ಪುಸ್ತಕ ಬದಿಗಿಟ್ಟು ಕಾರ್ಖಾನೆಗಳಲ್ಲಿ ನಿಂತಿದ್ದರು.

1945ರ ಆಗಸ್ಟ್ 6ರ ಬೆಳಿಗ್ಗೆ ಹಿರೋಶಿಮಾದಲ್ಲಿ ಸಾವಿರಾರು ಶಾಲಾ ಮಕ್ಕಳು ಬಯಲಿನಲ್ಲಿ ಕೆಲಸ ಮಾಡುತ್ತಿದ್ದರು. ಬಾಂಬ್ ದಾಳಿಯಾದರೆ ಬೆಂಕಿ ಹರಡಬಾರದೆಂದು ಮನೆಗಳನ್ನು ಕೆಡವಿ ಜಾಗ ತೆರವು ಮಾಡುವ ಕೆಲಸ ಅದು. ಅವರಲ್ಲಿ ಬಹಳಷ್ಟು ಮಂದಿ 12-13 ವರ್ಷದವರು. ಅಣುಬಾಂಬಿಗೆ ಅವರಲ್ಲಿ ಹೆಚ್ಚಿನವರು ಬಲಿಯಾದರು. ಅದಕ್ಕೇ ಯುದ್ಧದ ನಂತರ ಶಾಲೆಯಲ್ಲಿ ‘ಸೇವೆ ಕಡ್ಡಾಯ’ ಎಂದು ಯಾರಾದರೂ ಹೇಳಿದರೆ, ‘ಯಾರಿಗಾಗಿ? ಯಾರ ಅಪ್ಪಣೆಯ ಮೇಲೆ?’ ಎಂದು ಕೇಳುವವರು ಇಲ್ಲಿ ಇದ್ದೇ ಇರುತ್ತಾರೆ. ಕೇಳಲೇಬೇಕಾದ ಪ್ರಶ್ನೆ ಅದು.

ನಮ್ಮೂರಿನ ಶ್ರಮದಾನ

ಈಗ ಸ್ವಲ್ಪ ನಮ್ಮ ನಾಡಿನ ಕಡೆ ತಿರುಗೋಣ. 1923ರಲ್ಲಿ ಡಾ. ನಾ. ಸು. ಹರ್ಡೀಕರ್ ಅವರು ಸೇವಾದಳವನ್ನು ಕಟ್ಟಿದರು. ಹುಬ್ಬಳ್ಳಿ ಅದರ ಕೇಂದ್ರವಾಗಿತ್ತು. ಶಿಸ್ತು ಕಲಿತ ಯುವಕರು ಜನರ ಸೇವೆಗೆ ನಿಲ್ಲಬೇಕು ಎಂಬುದು ಅವರ ಆಸೆ. ನಿಮ್ಮ ಅಪ್ಪ ಅಮ್ಮಂದಿರಲ್ಲಿ ಕೆಲವರು ಶಾಲೆಯಲ್ಲಿ ಸೇವಾದಳದ ಸಮವಸ್ತ್ರ ಹಾಕಿರಬಹುದು, ಕೇಳಿ ನೋಡಿ. 1937ರಲ್ಲಿ ಗಾಂಧೀಜಿ ವಾರ್ಧಾದಲ್ಲಿ ಶಿಕ್ಷಣ ಸಮ್ಮೇಳನ ನಡೆಸಿ, ಕೈಕೆಲಸದ ಮೂಲಕವೇ ಪಾಠ ಕಲಿಸುವ ‘ನಯೀ ತಾಲೀಮ್’ ಯೋಜನೆಯನ್ನು ದೇಶದ ಮುಂದಿಟ್ಟರು. ನೂಲುವಾಗ ಲೆಕ್ಕ, ತೋಟದಲ್ಲಿ ವಿಜ್ಞಾನ ಕಲಿಯುವ ಪದ್ಧತಿ ಅದು.

ಗಾಂಧಿ ಶತಮಾನೋತ್ಸವದ ವರ್ಷ, 1969ರ ಸೆಪ್ಟೆಂಬರ್ 24ರಂದು, ರಾಷ್ಟ್ರೀಯ ಸೇವಾ ಯೋಜನೆ ಅಂದರೆ ಎನ್‌ಎಸ್‌ಎಸ್ ಶುರುವಾಯಿತು. 37 ವಿಶ್ವವಿದ್ಯಾಲಯಗಳ 40,000 ವಿದ್ಯಾರ್ಥಿಗಳು ಮೊದಲ ತಂಡದಲ್ಲಿದ್ದರು. ಅದನ್ನು ಆರಂಭಿಸಿದ ಕೇಂದ್ರ ಶಿಕ್ಷಣ ಸಚಿವ ಡಾ. ವಿ. ಕೆ. ಆರ್. ವಿ. ರಾವ್ ಅವರು ಬಳ್ಳಾರಿಯಿಂದ ಲೋಕಸಭೆಗೆ ಆರಿಸಿ ಬಂದವರು. ‘ನನಗಲ್ಲ, ನಿನಗೆ’ ಎಂಬುದು ಎನ್‌ಎಸ್‌ಎಸ್‌ನ ಧ್ಯೇಯವಾಕ್ಯ. ಹಳ್ಳಿಯ ಶಾಲೆಯಲ್ಲಿ ಮಲಗಿ, ಬೆಳಿಗ್ಗೆ ಚರಂಡಿ ತೆಗೆದು, ರಸ್ತೆಗೆ ಮಣ್ಣು ಹಾಕಿ, ಸಂಜೆ ಊರವರ ಮುಂದೆ ನಾಟಕ ಆಡಿದ ಶಿಬಿರದ ನೆನಪು ನಮ್ಮ ಪೋಷಕರಲ್ಲಿ ಹಲವರಿಗೆ ಇರಬೇಕು.

1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿ ಶಾಲೆಗಳಿಗೂ ‘ಸಮಾಜೋಪಯೋಗಿ ಉತ್ಪಾದಕ ಕಾರ್ಯ’ವನ್ನು ಸೂಚಿಸಿತು. ಅದೇ ನಮ್ಮ ಎಸ್‌ಯುಪಿಡಬ್ಲ್ಯು ಪೀರಿಯಡ್. ಹೆಸರಿನಲ್ಲಿ ಸಮಾಜವಿತ್ತು. ಆದರೆ ಎಷ್ಟೋ ಶಾಲೆಗಳಲ್ಲಿ ಅದು ಅಂಕಪಟ್ಟಿಯ ಒಂದು ಗ್ರೇಡಾಗಿ ಉಳಿಯಿತು. ಅಮ್ಮ ಹೊಲಿದ ಕರ್ಚೀಫನ್ನು ಮಗ ಒಪ್ಪಿಸಿದರೂ ಗ್ರೇಡ್ ಬರುತ್ತಿತ್ತು! ಸೇವೆ ಬೆದರಿಕೆಯಿಂದ ಕೆಡುವ ಹಾಗೆಯೇ ತೋರಿಕೆಯಿಂದಲೂ ಕೆಡುತ್ತದೆ ಎಂಬುದಕ್ಕೆ ನಾವೇ ಸಾಕ್ಷಿ.

ಕೋಬೆ ಕಲಿಸಿದ್ದು

ಜಪಾನಿನಲ್ಲಿ ಸೇವೆಯ ಅರ್ಥ ಬದಲಾದದ್ದು 1995ರ ಜನವರಿ 17ರ ನಂತರ. ಅಂದು ಬೆಳಗಿನ ಜಾವ 5 ಗಂಟೆ 46 ನಿಮಿಷಕ್ಕೆ ಕೋಬೆಯ ಸುತ್ತಮುತ್ತ ಭೂಮಿ ನಡುಗಿ 6,400ಕ್ಕೂ ಹೆಚ್ಚು ಜನ ಸತ್ತರು. ಯಾರೂ ಕರೆಯದೆ, ಯಾರೂ ಆಜ್ಞೆ ಮಾಡದೆ ದೇಶದ ಮೂಲೆಮೂಲೆಯಿಂದ ಸ್ವಯಂಸೇವಕರು ಬಂದರು. ಒಂದು ವರ್ಷದಲ್ಲಿ ಅವರ ಸಂಖ್ಯೆ ಹತ್ತು ಲಕ್ಷ ದಾಟಿತು. ಬಹಳ ಮಂದಿ ವಿದ್ಯಾರ್ಥಿಗಳು. ಆ ವರ್ಷವನ್ನು ಜಪಾನೀಯರು ‘ಸ್ವಯಂಸೇವೆಯ ಮೊದಲ ವರ್ಷ’ ಎಂದೇ ಕರೆಯುತ್ತಾರೆ.

ಕೋಬೆ ಇರುವ ಹ್ಯೋಗೊ ಪ್ರಾಂತ್ಯ 1998ರಲ್ಲಿ ‘ಟ್ರೈ ಯಾರು ವೀಕ್’ ಎಂಬ ಪಾಠ ಶುರುಮಾಡಿತು. ಮಾಧ್ಯಮಿಕ ಶಾಲೆಯ ಎರಡನೇ ವರ್ಷದ ಮಕ್ಕಳು ವಾರದ ಐದು ದಿನ ತರಗತಿ ಬಿಟ್ಟು ಊರಿನ ಅಂಗಡಿ, ಶಿಶುವಿಹಾರ, ವೃದ್ಧಾಶ್ರಮ, ಹೊಲಗಳಲ್ಲಿ ದೊಡ್ಡವರ ಜೊತೆ ಕೆಲಸ ಮಾಡುತ್ತಾರೆ. 2002ರಲ್ಲಿ ಇಡೀ ದೇಶದ ಪಠ್ಯಕ್ರಮದಲ್ಲಿ ‘ಸಮಗ್ರ ಕಲಿಕೆಯ ಅವಧಿ’ ಬಂದು, ತಮ್ಮ ಊರಿನ ಸಮಸ್ಯೆಯನ್ನೇ ಪಾಠ ಮಾಡಿಕೊಳ್ಳಲು ಶಾಲೆಗಳಿಗೆ ಸಮಯ ಸಿಕ್ಕಿತು. ನಮ್ಮ ಟೋಕಿಯೊ 2007ರಲ್ಲಿ ಮಹಾನಗರ ಆಡಳಿತದ ಪ್ರೌಢಶಾಲೆಗಳಲ್ಲಿ ‘ಹೋಶಿ’ಯನ್ನು ಕಡ್ಡಾಯ ವಿಷಯ ಮಾಡಿತು. ಹಳೆಯ ಪ್ರಶ್ನೆ ಮತ್ತೆ ಎದ್ದಿತು: ಕಡ್ಡಾಯ ಮಾಡಿದ ಮೇಲೆ ಅದು ಸೇವೆಯೇ? 2016ರಿಂದ ಆ ವಿಷಯದ ಜಾಗದಲ್ಲಿ ‘ಮನುಷ್ಯ ಮತ್ತು ಸಮಾಜ’ ಎಂಬ ಹೊಸ ವಿಷಯ ಬಂದಿದೆ.

ಬಾಗಿಲಿಗೊಂದು ಫಲಕ

ಈ ಪ್ರಶ್ನೆಗೆ ನನಗೆ ಸಿಕ್ಕ ಒಳ್ಳೆಯ ಉತ್ತರ ಇವಾತೆ ಪ್ರಾಂತ್ಯದ ಕಮಾಯಿಶಿ ಎಂಬ ಕಡಲೂರಿನಲ್ಲಿದೆ. 1896 ಮತ್ತು 1933ರ ಸುನಾಮಿಗಳನ್ನು ಕಂಡ ಕರಾವಳಿ ಅದು. ಅಲ್ಲಿನ ಕಮಾಯಿಶಿ ಪೂರ್ವ ಮಾಧ್ಯಮಿಕ ಶಾಲೆಯ ಮಕ್ಕಳು ತಮ್ಮ ಪಾಠದ ಭಾಗವಾಗಿ ಒಂದು ಕೆಲಸ ಮಾಡಿದರು. ‘ಈ ಮನೆಯವರು ತೆರವಾಗಿದ್ದೇವೆ’ ಎಂದು ತಿಳಿಸುವ ಚಿಕ್ಕ ಫಲಕಗಳನ್ನು ತಯಾರಿಸಿ ಸುತ್ತಲಿನ ಮನೆಗಳಿಗೆ ಹಂಚಿದರು. ಓಡುವ ಮುನ್ನ ಅದನ್ನು ಬಾಗಿಲಿಗೆ ತೂಗುಹಾಕಿದರೆ, ಖಾಲಿ ಮನೆಯಲ್ಲಿ ಜನರನ್ನು ಹುಡುಕುತ್ತಾ ಬೇರೆಯವರು ನೀರಿಗೆ ಸಿಕ್ಕಿಬೀಳುವುದು ತಪ್ಪುತ್ತದೆ. ಪಕ್ಕದ ಪ್ರಾಥಮಿಕ ಶಾಲೆಯ ಚಿಕ್ಕವರನ್ನು ಕರೆದುಕೊಂಡು ಓಡುವ ಅಭ್ಯಾಸವನ್ನೂ ಅವರು ಮಾಡಿದ್ದರು.

2011ರ ಮಾರ್ಚ್ 11ರಂದು ನಿಜವಾದ ಸುನಾಮಿ ಬಂತು. ದೊಡ್ಡ ಮಕ್ಕಳು ಚಿಕ್ಕವರ ಕೈ ಹಿಡಿದುಕೊಂಡು ಓಡಿದರು. ಮೊದಲು ನಿಂತ ಜಾಗ ಸಾಲದು ಎನಿಸಿ ಇನ್ನೂ ಎತ್ತರಕ್ಕೆ ಹೋದರು. ಆ ಎರಡು ಶಾಲೆಗಳು ನೀರಿನಲ್ಲಿ ಮುಳುಗಿದರೂ ಅಂದು ಶಾಲೆಯಲ್ಲಿದ್ದ ಮಕ್ಕಳೆಲ್ಲ ಉಳಿದರು. ಊರಿನಲ್ಲಿ ಸಾವಿರಕ್ಕೂ ಹೆಚ್ಚು ಜನ ಸತ್ತ ಅಥವಾ ಕಾಣೆಯಾದ ದಿನ ಅದು. ಜನ ಇದನ್ನು ಪವಾಡ ಎಂದರು. ಕಲಿತದ್ದನ್ನು ಮಾಡಿದರು ಎನ್ನುವುದೇ ಹೆಚ್ಚು ಸರಿ.

ಆ ಫಲಕವನ್ನು ಒಮ್ಮೆ ಯೋಚಿಸಿ. ಅದು ಊರಿಗೆ ನಿಜವಾಗಿ ಬೇಕಾಗಿತ್ತು. ಅದನ್ನು ಮಾಡುತ್ತಾ ಮಕ್ಕಳು ಊರಿನ ಇತಿಹಾಸ ಮತ್ತು ಭೂಗೋಳ ಕಲಿತರು. ಪಡೆದವರು ಅವರ ನೆರೆಯವರೇ. ಯುದ್ಧಕಾಲದ ದುಡಿಮೆಯಲ್ಲಿ ಕಲಿಕೆ ಇರಲಿಲ್ಲ. ಅಮ್ಮ ಹೊಲಿದ ಕರ್ಚೀಫಿನಲ್ಲಿ ಸೇವೆ ಇರಲಿಲ್ಲ. ಇಲ್ಲಿ ಎರಡೂ ಕೂಡಿದವು.

ನಮ್ಮ ನಿಶಿ ಕಸಾಯಿಗೆ ಬಂದರೆ

ನಾವಿರುವ ಎದೊಗಾವಾ ವಾರ್ಡಿನ ಸುಮಾರು 70 ಪ್ರತಿಶತ ನೆಲ ಭರತದ ಸಮಯದಲ್ಲಿ ಸಮುದ್ರಮಟ್ಟಕ್ಕಿಂತ ಕೆಳಗಿರುತ್ತದೆ. ಒಂದು ಕಡೆ ಅರಾಕಾವಾ ನದಿ, ಇನ್ನೊಂದು ಕಡೆ ಟೋಕಿಯೊ ಕೊಲ್ಲಿ. 2019ರಲ್ಲಿ ವಾರ್ಡ್ ಕಚೇರಿ ಮನೆಮನೆಗೆ ಕೊಟ್ಟ ಪ್ರವಾಹ ನಕ್ಷೆಯ ಮೇಲೆ, ದೊಡ್ಡ ನೆರೆ ಬರುವಾಗ ಇಲ್ಲಿ ಇರಬೇಡಿ ಎಂದು ನೇರವಾಗಿಯೇ ಬರೆದಿತ್ತು. ಅದೇ ವರ್ಷ ಅಕ್ಟೋಬರ್ 12ರಂದು ಹಗಿಬಿಸ್ ಚಂಡಮಾರುತ ಬಂದಾಗ ವಾರ್ಡಿನ ಬಹುಭಾಗಕ್ಕೆ ತೆರವಿನ ಸೂಚನೆ ಬಂತು.

ಸಂಜೆ ಧ್ವನಿವರ್ಧಕದಲ್ಲಿ ಒಂದು ಹಾಡಿನ ರಾಗ ಕೇಳುತ್ತದಲ್ಲ, ಆಟ ನಿಲ್ಲಿಸಿ ಮನೆಗೆ ಹೋಗುವ ಹೊತ್ತು? ಆ ಧ್ವನಿವರ್ಧಕಗಳು ಇರುವುದೇ ವಿಪತ್ತಿನ ಎಚ್ಚರಿಕೆ ಹೇಳುವುದಕ್ಕೆ. ಅವು ಸರಿಯಾಗಿವೆಯೇ ಎಂದು ದಿನವೂ ಪರೀಕ್ಷಿಸುವ ರಾಗ ಅದು. ನಿಜವಾದ ಎಚ್ಚರಿಕೆ ಬಂದ ದಿನ, ರಜೆಗೆಂದು ಊರಿನಿಂದ ಬಂದ ನಿಮ್ಮ ಅಜ್ಜ ಅಜ್ಜಿ ಮನೆಯಲ್ಲಿ ಇಬ್ಬರೇ ಇದ್ದರೆ? ಅವರಿಗೆ ಜಪಾನಿ ಬಾರದು. ಅಪ್ಪ ಅಮ್ಮ ಆಫೀಸಿನಲ್ಲಿ.

ಮಕ್ಕಳೇ, ಜಪಾನಿಯನ್ನೂ ಕನ್ನಡವನ್ನೂ ಓದಬಲ್ಲವರು ನೀವು. ನಮ್ಮಲ್ಲಿ ಎಷ್ಟೋ ದೊಡ್ಡವರಿಗೆ ಅದು ಬರುವುದಿಲ್ಲ. ಹಾಗಾಗಿ ಮುಂದಿನ ಕನ್ನಡ ತರಗತಿಯ ಒಂದು ಪೀರಿಯಡ್ ಇದಕ್ಕೇ ಇಡೋಣ ಎಂದು ನನ್ನ ಸಲಹೆ. ನಕ್ಷೆಯಲ್ಲಿ ನಿಮ್ಮ ಮನೆ, ಹತ್ತಿರದ ತೆರವು ಜಾಗ ಗುರುತಿಸಿ. ಸೂಚನೆಗಳನ್ನು ಅಜ್ಜಿಗೆ ಅರ್ಥವಾಗುವ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಬರೆಯಿರಿ. ಕಮಾಯಿಶಿಯ ಮಕ್ಕಳ ಹಾಗೆ ಎರಡೂ ಭಾಷೆಯಲ್ಲಿ ಒಂದು ಬಾಗಿಲ ಫಲಕ ಮಾಡಿ. ಒಂದನ್ನು ನಿಮ್ಮ ಮನೆಗೆ, ಇನ್ನೊಂದನ್ನು ಹೊಸದಾಗಿ ಬಂದ ಕನ್ನಡ ಕುಟುಂಬಕ್ಕೆ ಕೊಡಿ.

ಪೋಷಕರೇ, ನಿಮ್ಮಲ್ಲೊಂದು ವಿನಂತಿ. ಅಕ್ಷರ ತಪ್ಪಿದ್ದರೆ ತಿದ್ದಿ, ಆದರೆ ಫಲಕವನ್ನು ನೀವೇ ಮಾಡಿಕೊಡಬೇಡಿ. ಕರ್ಚೀಫಿನ ಕಥೆ ನಮಗೆಲ್ಲ ಗೊತ್ತಿದೆಯಲ್ಲ!