ಸನ್ನಿವೇಲ್‌ನ ಗರಾಜಿನಲ್ಲಿ ಅಣಬೆ ಬೇಸಾಯ

ಕ್ಯಾಲಿಫೋರ್ನಿಯಾದ ಸನ್ನಿವೇಲ್‌ಗೆ ಮಳೆಗಾಲ ಬರುವುದು ನವೆಂಬರಿನ ಆಸುಪಾಸಿನಲ್ಲಿ. ಎರಡು ಮೂರು ಮಳೆ ಬಿದ್ದರೆ ಸಾಕು, ಓಕ್ ಮರಗಳ ಬುಡದಲ್ಲಿ, ಪಶ್ಚಿಮದ ಗುಡ್ಡಗಳ ಇಳಿಜಾರಿನಲ್ಲಿ ಅಣಬೆಗಳು ತಲೆ ಎತ್ತುತ್ತವೆ. ಗುಡುಗು ಸಿಡಿಲಿನ ಮರುದಿನ ಬುಟ್ಟಿ ಹಿಡಿದು ಹುತ್ತದಣಬೆ ಹುಡುಕುತ್ತಿದ್ದ ಮಲೆನಾಡಿನವರಿಗೆ, ಕುಮ್ಮ್ ಎಂಬ ಅಣಬೆಯ ಕರಿಯ ರುಚಿ ಬಲ್ಲ ಕೊಡಗಿನವರಿಗೆ ಆಗ ಕೈ ಸುಮ್ಮನಿರುವುದಿಲ್ಲ. ಆದರೆ ಇಲ್ಲಿ ಕಾಡಿನ ಅಣಬೆಗೆ ಕೈ ಹಾಕುವುದು ಬೇಡ. ತಿನ್ನುವ ಆಸೆಯಿದ್ದರೆ ಮನೆಯಲ್ಲೇ ಬೆಳೆಯಬಹುದು. ಗರಾಜಿನ ಒಂದು ಮೂಲೆ, ಒಂದು ಬಕೆಟ್, ಒಂದು ಕಂತೆ ಹುಲ್ಲು ಇದ್ದರೆ ಬೇಸಾಯ ಶುರು.

ಕಾಡಿನದು ಏಕೆ ಬೇಡ

ಬೇ ಏರಿಯಾದಲ್ಲಿ ಎಲ್ಲಕ್ಕಿಂತ ಹೆಚ್ಚು ಭಯಪಡಬೇಕಾದ ಅಣಬೆ ಡೆತ್ ಕ್ಯಾಪ್. ಇದರ ಶಾಸ್ತ್ರೀಯ ಹೆಸರು ಅಮಾನಿಟಾ ಫ್ಯಾಲಾಯ್ಡಿಸ್. ಯೂರೋಪಿನ ಮೂಲದ ಇದು ಅಲ್ಲಿಂದ ತಂದ ಮರಗಳ ಬೇರಿನ ಜೊತೆ ಕ್ಯಾಲಿಫೋರ್ನಿಯಾಕ್ಕೆ ಬಂದು, ಇಲ್ಲಿನ ಓಕ್ ಮರಗಳಿಗೆ ಹೊಂದಿಕೊಂಡುಬಿಟ್ಟಿದೆ. ತಿಳಿಹಸಿರು ಛಾಯೆಯ ಛತ್ರಿ, ಕೆಳಗೆ ಬಿಳಿ ಪದರಗಳು, ಮಣ್ಣೊಳಗೆ ಅಡಗಿದ ಬಟ್ಟಲಿನಂಥ ಬುಡ. ಎಳೆಯದಾಗಿದ್ದಾಗ ಏಷ್ಯಾದಲ್ಲಿ ಜನ ತಿನ್ನುವ ಭತ್ತದ ಹುಲ್ಲಿನ ಅಣಬೆಯಂತೆಯೇ ಕಾಣುತ್ತದೆ. ವಲಸೆ ಬಂದವರು ಮೋಸಹೋಗುವುದು ಇದರಿಂದಲೇ.

2016ರ ಡಿಸೆಂಬರ್ ಒಂದೇ ತಿಂಗಳಲ್ಲಿ ಉತ್ತರ ಕ್ಯಾಲಿಫೋರ್ನಿಯಾದಲ್ಲಿ 14 ಜನ ಇದನ್ನು ತಿಂದು ಆಸ್ಪತ್ರೆ ಸೇರಿದರು. ಅವರಲ್ಲಿ ಮೂವರಿಗೆ ಯಕೃತ್ತಿನ ಕಸಿ ಮಾಡಬೇಕಾಯಿತು. ಇದರ ವಿಷ ಬೇಯಿಸಿದರೂ ಹೋಗದು, ಒಣಗಿಸಿದರೂ ಹೋಗದು. ತಿಂದು ಆರು ಗಂಟೆಗೂ ಹೆಚ್ಚು ಹೊತ್ತು ಏನೂ ಆಗುವುದಿಲ್ಲ. ಆಮೇಲೆ ವಾಂತಿ ಭೇದಿ ಶುರುವಾಗಿ, ನಡುವೆ ಒಮ್ಮೆ ವಾಸಿಯಾದಂತೆ ಕಂಡು, ಯಕೃತ್ತು ಕುಸಿಯುತ್ತದೆ. ಅನುಮಾನ ಬಂದ ಕೂಡಲೇ, ಲಕ್ಷಣಗಳಿಗೆ ಕಾಯದೆ, ಪಾಯಿಸನ್ ಕಂಟ್ರೋಲ್‌ನ 1-800-222-1222ಕ್ಕೆ ಕರೆ ಮಾಡಬೇಕು.

ಹುತ್ತದಣಬೆಯನ್ನಾದರೂ ಮನೆಯಲ್ಲಿ ಬೆಳೆಯಬಹುದೇ ಎಂದು ಕೇಳುವವರಿದ್ದಾರೆ. ಆಗುವುದಿಲ್ಲ. ಅದನ್ನು ಸಾಕುವುದು ಗೆದ್ದಲು. ಗೂಡಿನೊಳಗೆ ಗೆದ್ದಲು ಕಟ್ಟಿದ ತೋಟ ಇಲ್ಲದೆ ಅದು ಏಳದು.

ಇಲ್ಲಿನ ಹವೆ

ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ಮೀರಿ ಮಳೆ ಸುರಿದರೆ, ಸನ್ನಿವೇಲ್‌ನಲ್ಲಿ ಬೀಳುವುದು 400ರ ಆಸುಪಾಸು. ಅದೂ ಚಳಿಗಾಲದಲ್ಲಿ ಮಾತ್ರ. ಬೇಸಿಗೆಯಲ್ಲಿ ಹನಿಯೂ ಇಲ್ಲ, ಗಾಳಿ ಒಣ. ಅಣಬೆಗೆ ಬೇಕಾದದ್ದು ಶೇ. 85ರಿಂದ 95ರ ತೇವಾಂಶ. ಹಾಗಾಗಿ ಈ ಊರಲ್ಲಿ ಬೆಳೆಗಾರನ ಮುಖ್ಯ ಕೆಲಸ ತೇವ ಉಳಿಸಿಕೊಳ್ಳುವುದು. ಚಳಿಗಾಲದಲ್ಲಿ ಮನೆಯೊಳಗೆ ಹೀಟರ್ ಹಾಕಿದರೆ ಅಲ್ಲೂ ಗಾಳಿ ಒಣಗುತ್ತದೆ ಎಂಬುದನ್ನು ಹೊಸಬರು ಮರೆಯುತ್ತಾರೆ.

ಅನುಕೂಲವೂ ಇದೆ. ಅಕ್ಟೋಬರಿನಿಂದ ಮೇವರೆಗೆ ಹೀಟರ್ ಇಲ್ಲದ ಗರಾಜು ತಾನಾಗಿಯೇ ಚಿಪ್ಪಣಬೆಗೆ ಒಗ್ಗುವ ತಂಪಿನಲ್ಲಿರುತ್ತದೆ. ನಡುಬೇಸಿಗೆಯಲ್ಲೂ ರಾತ್ರಿ ತಣ್ಣಗಾಗುತ್ತದೆ. ಅಪಾರ್ಟ್‌ಮೆಂಟಿನವರಿಗೆ ಉತ್ತರ ದಿಕ್ಕಿನ ಬಾಲ್ಕನಿ ಅಥವಾ ಕಿಟಕಿಯಿರುವ ಸ್ನಾನದ ಕೋಣೆ ಆದೀತು. ಏರ್‌ ಕಂಡೀಷನರ್ ಹಾಕಿ ಹವೆಯ ಜೊತೆ ಗುದ್ದಾಡುವುದಕ್ಕಿಂತ ಋತುವಿಗೆ ತಕ್ಕ ಅಣಬೆ ಆರಿಸಿಕೊಳ್ಳುವುದೇ ಜಾಣತನ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಯಾವ ಅಣಬೆ

ಮೊದಲ ಬೆಳೆಗೆ ಚಿಪ್ಪಣಬೆಯೇ ಸರಿ. ಹುಲ್ಲು, ಹೊಟ್ಟು, ರಟ್ಟು ಏನು ಕೊಟ್ಟರೂ ಬೆಳೆಯುತ್ತದೆ, ಬೇರೆ ಬೂಷ್ಟುಗಳ ಜೊತೆ ಪೈಪೋಟಿಯಲ್ಲಿ ಗೆಲ್ಲುತ್ತದೆ. ಬೂದು ಬಣ್ಣದ ಚಿಪ್ಪಣಬೆ 10ರಿಂದ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಚೆನ್ನಾಗಿ ಬರುತ್ತದೆ. ಗುಲಾಬಿ ಚಿಪ್ಪಣಬೆ ಸೆಕೆಯ ಜಾತಿ, 20ರಿಂದ 30 ಡಿಗ್ರಿ ಅದಕ್ಕೆ ಹಿತ, ಜುಲೈ ಆಗಸ್ಟ್‌ಗೆ ಹೇಳಿ ಮಾಡಿಸಿದ್ದು. ಕಿತ್ತ ದಿನವೇ ಬೇಯಿಸಬೇಕು, ಫ್ರಿಜ್ಜಿನಲ್ಲಿ ಬಾಳುವುದಿಲ್ಲ.

ಅರಿಶಿನ ಬಣ್ಣದ ಚಿಪ್ಪಣಬೆ ನೋಡಲು ಸೊಗಸು. ಆದರೆ ಪೂರ್ವ ಏಷ್ಯಾದ ಈ ಜಾತಿ ಅಮೆರಿಕದ ಮಧ್ಯ-ಪಶ್ಚಿಮ ರಾಜ್ಯಗಳಲ್ಲಿ ಬೇಸಾಯದಿಂದ ತಪ್ಪಿಸಿಕೊಂಡು ಕಾಡು ಸೇರಿದೆ. ಅದು ಹಬ್ಬಿದ ಮರಗಳಲ್ಲಿ ಉಳಿದ ಶಿಲೀಂಧ್ರಗಳ ವೈವಿಧ್ಯ ಕಡಿಮೆ ಎಂದು ವಿಸ್ಕಾನ್ಸಿನ್‌ನಲ್ಲಿ ನಡೆದ ಸಂಶೋಧನೆ 2025ರಲ್ಲಿ ತೋರಿಸಿತು. ಹಿತ್ತಲಿನಲ್ಲಂತೂ ಅದನ್ನು ಬೆಳೆಯಬೇಡಿ.

ಎರಡನೆಯ ಹೆಜ್ಜೆಗೆ ಲಯನ್ಸ್ ಮೇನ್. ಛತ್ರಿಯಿಲ್ಲದ, ಬಿಳಿ ಎಳೆಗಳು ಜೋತುಬಿದ್ದ ಉಂಡೆ ಇದು. ಬೇಯಿಸಿದಾಗ ಸಿಗುವ ನಾರು ನಾರು ಮಾಂಸಲ ಹದವೇ ಇದರ ಬೆಲೆ. ನೆನಪಿನ ಶಕ್ತಿಗೆ ಔಷಧಿ ಎಂಬ ಪ್ರಚಾರ ಜೋರಾಗಿದ್ದರೂ ಮನುಷ್ಯರ ಮೇಲೆ ನಡೆದ ಪ್ರಯೋಗಗಳು ಸಣ್ಣವು. ರುಚಿಗೆ ಬೆಳೆಯಿರಿ. ಶಿಟಾಕೆಗೆ ತಾಳ್ಮೆ ಬೇಕು. ಮರದ ದಿಮ್ಮಿಯಲ್ಲಿ ಬೆಳೆದರೆ ಮೊದಲ ಫಸಲಿಗೇ ಆರು ತಿಂಗಳಿಂದ ಒಂದು ವರ್ಷ. ದಿಮ್ಮಿಗೆಂದು ಗುಡ್ಡದಿಂದ ಓಕ್ ಕಡಿದು ತರುವುದು ಬೇಡ. ಸಡನ್ ಓಕ್ ಡೆತ್ ಎಂಬ ಮರದ ರೋಗ ಇರುವ ಕಾರಣ ಸನ್ನಿವೇಲ್ ಸೇರಿರುವ ಸಾಂತಾ ಕ್ಲಾರಾ ಕೌಂಟಿಯೂ ನಿರ್ಬಂಧದ ಪಟ್ಟಿಯಲ್ಲಿದೆ.

ಅಂಗಡಿಯಲ್ಲಿ ಸಿಗುವ ಗುಂಡಿ ಅಣಬೆಯನ್ನು ಮನೆಯಲ್ಲಿ ಬೆಳೆಯುವ ಹುಮ್ಮಸ್ಸು ಬೇಡ. ಅದಕ್ಕೆ ಹುಲ್ಲು ಮತ್ತು ಗೊಬ್ಬರವನ್ನು ವಾರಗಟ್ಟಲೆ ಕೊಳೆಸಿ ಹದಮಾಡಬೇಕು, ಮೇಲೆ ಮಣ್ಣಿನ ಹೊದಿಕೆ ಕೊಡಬೇಕು. ಇದೇ ಕೌಂಟಿಯ ದಕ್ಷಿಣದ ಮಾರ್ಗನ್ ಹಿಲ್‌ನಲ್ಲಿ ಅದನ್ನು ದೊಡ್ಡ ಪ್ರಮಾಣದಲ್ಲಿ ಬೆಳೆಯುತ್ತ ಬಂದಿದ್ದಾರೆ. ಆ ಊರಲ್ಲಿ ಅಣಬೆಯ ಹೆಸರಿನಲ್ಲೇ ಜಾತ್ರೆಯೂ ನಡೆಯುತ್ತದೆ.

ಬೀಜ, ಕಿಟ್, ಹುಲ್ಲು

ಅಣಬೆ ಬೀಜ ಎಂದರೆ ಬೇಯಿಸಿದ ಗೋಧಿ, ಜೋಳದಂಥ ಕಾಳಿನ ಮೇಲೆ ಹಬ್ಬಿಸಿದ ಬಿಳಿ ಕವಕಜಾಲ. ಊರಲ್ಲಾದರೆ ಬೆಂಗಳೂರು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಿಂದ ತರುತ್ತಾರೆ. ಇಲ್ಲಿ ಅಂಚೆಯಲ್ಲೇ ತರಿಸಬಹುದು. ಮೊದಲ ಸಲಕ್ಕೆ ಸಿದ್ಧ ಕಿಟ್ ಸಾಕು. ಬರ್ಕ್ಲಿಯಲ್ಲಿ ಓದುತ್ತಿದ್ದ ನಿಖಿಲ್ ಅರೋರಾ ಮತ್ತು ಅಲೆಹಾಂದ್ರೋ ವೆಲೆಸ್ ಕಾಫಿ ಚರಟದಲ್ಲಿ ಅಣಬೆ ಬೆಳೆದು 2009ರಲ್ಲಿ ಕಟ್ಟಿದ ಬ್ಯಾಕ್ ಟು ದ ರೂಟ್ಸ್ ಕಂಪನಿಯ ಪೆಟ್ಟಿಗೆ ಮಕ್ಕಳಿಗೂ ಆಗುತ್ತದೆ. ಸ್ಯಾನ್ ಫ್ರಾನ್ಸಿಸ್ಕೋದ ಫೆರ್ರಿ ಬಿಲ್ಡಿಂಗ್‌ನಲ್ಲಿ ಮಳಿಗೆಯಿರುವ ಫಾರ್ ವೆಸ್ಟ್ ಫಂಗೈ ಮರದ ಹೊಟ್ಟಿನ ಇಟ್ಟಿಗೆಗಳನ್ನು ಮಾರುತ್ತದೆ.

ಹುಲ್ಲಿಗೆ ಇಲ್ಲಿ ಬರವಿಲ್ಲ. ಸ್ಯಾಕ್ರಮೆಂಟೋ ಕಣಿವೆ ಭತ್ತದ ನಾಡು. ಕೊಯ್ಲಾದ ಮೇಲೆ ಹುಲ್ಲನ್ನು ಗದ್ದೆಯಲ್ಲೇ ಸುಡುವುದಕ್ಕೆ 1991ರ ಕಾನೂನು ಕಡಿವಾಣ ಹಾಕಿತು. ಭತ್ತದ್ದಾಗಲಿ ಗೋಧಿಯದ್ದಾಗಲಿ, ಹುಲ್ಲಿನ ಕಂತೆ ಪಶು ಆಹಾರದ ಅಂಗಡಿ, ತೋಟಗಾರಿಕೆ ಅಂಗಡಿಗಳಲ್ಲಿ ಸಿಗುತ್ತದೆ. ಹೊಂಬಣ್ಣ ಇರಬೇಕು. ಕಪ್ಪಾಗಿದ್ದರೆ, ಮುಗ್ಗುವಾಸನೆ ಹೊಡೆದರೆ ಬೇಡ. ಲಯನ್ಸ್ ಮೇನ್‌ಗೆ ಹುಲ್ಲಿಗಿಂತ ಗಟ್ಟಿ ಮರದ ಹೊಟ್ಟು ಒಳ್ಳೆಯದು. ಹೊಟ್ಟಿಗೆ ಗೋಧಿ ಬೂಸಾ ಸೇರಿಸಿದರೆ ಇಳುವರಿ ಏರುತ್ತದೆ, ಆದರೆ ಬೂಷ್ಟಿಗೂ ಹಬ್ಬದೂಟ. ಅದಕ್ಕೇ ಅಂಥ ಮಿಶ್ರಣವನ್ನು 121 ಡಿಗ್ರಿಯಲ್ಲಿ ಎರಡೂವರೆ ಗಂಟೆ ಒತ್ತಡದಲ್ಲಿ ಬೇಯಿಸಬೇಕು. ನಮ್ಮ ಅಡುಗೆಮನೆಯ ಕುಕ್ಕರ್ ಸರಿಸುಮಾರು ಅಷ್ಟೇ ಒತ್ತಡ ಕೊಡುತ್ತದೆ, ಆದರೆ ಅದರಲ್ಲಿ ದೊಡ್ಡ ಚೀಲ ಹಿಡಿಸದು, ಅಷ್ಟು ಹೊತ್ತಿಗೆ ನೀರೂ ಬತ್ತುತ್ತದೆ. ಲಯನ್ಸ್ ಮೇನ್ ಬೇಕಾದವರು ಸಿದ್ಧ ಇಟ್ಟಿಗೆ ಕೊಳ್ಳುವುದು ವಾಸಿ.

ಬಕೆಟ್ ಬೇಸಾಯ

ಚಿಪ್ಪಣಬೆಗೆ ನಾನು ಹೇಳುವುದು ಬಕೆಟ್ ವಿಧಾನ. ಮುಚ್ಚಳವಿರುವ 19 ಲೀಟರಿನ ಬಕೆಟ್ಟಿಗೆ ಸುತ್ತಲೂ ಗೇಣಿಗೊಂದರಂತೆ ಬೆರಳು ಗಾತ್ರದ ತೂತು ಕೊರೆಯಿರಿ, ತಳದಲ್ಲಿ ನೀರಿಳಿಯಲು ಎರಡು ಸಣ್ಣವು. ಹುಲ್ಲನ್ನು ಎರಡು ಮೂರು ಇಂಚಿಗೆ ಕತ್ತರಿಸಿ ಹಳೆಯ ದಿಂಬಿನ ಚೀಲಕ್ಕೆ ತುಂಬಿ. ಪಿಕ್‌ನಿಕ್‌ಗೆ ಒಯ್ಯುವ ಐಸ್‌ಪೆಟ್ಟಿಗೆ ತಂಪನ್ನು ಹಿಡಿದಿಟ್ಟಂತೆ ಬಿಸಿಯನ್ನೂ ಹಿಡಿದಿಡುತ್ತದೆ. ಅದರಲ್ಲಿ ಚೀಲ ಇಟ್ಟು, ಕುದಿವ ನೀರು ಸುರಿದು, ಮೇಲೊಂದು ಭಾರ ಹೇರಿ ಮುಚ್ಚಿ. ನೀರು 65ರಿಂದ 80 ಡಿಗ್ರಿಯ ನಡುವೆ ಒಂದೂವರೆ ಗಂಟೆ ಇರಬೇಕು. ಥರ್ಮಾಮೀಟರ್ ಇಲ್ಲದೆ ಅಂದಾಜಿನಲ್ಲಿ ಮಾಡಬೇಡಿ.

ಇಲ್ಲೊಂದು ಎಚ್ಚರಿಕೆ. ಭಾರತದ ಕೈಪಿಡಿಗಳಲ್ಲಿ, ವಿಡಿಯೋಗಳಲ್ಲಿ ಹುಲ್ಲನ್ನು ಫಾರ್ಮಾಲಿನ್ ಮತ್ತು ಕಾರ್ಬೆಂಡಜಿಮ್ ಬೆರೆಸಿದ ನೀರಿನಲ್ಲಿ ನೆನೆಸುವ ವಿಧಾನವಿದೆ. ಫಾರ್ಮಾಲಿನ್ ಕ್ಯಾನ್ಸರ್‌ಕಾರಕ. ಮನೆಗೆ ಅಂಟಿಕೊಂಡ ಗರಾಜಿನಲ್ಲಿ ಅದು ಬೇಡವೇ ಬೇಡ, ಬಿಸಿನೀರು ಸಾಕು.

ಬಸಿದ ಹುಲ್ಲನ್ನು ಮುಷ್ಟಿಯಲ್ಲಿ ಬಲವಾಗಿ ಹಿಂಡಿ ನೋಡಿ. ಒಂದೆರಡು ಹನಿ ಬಿದ್ದರೆ ಹದ, ಧಾರೆ ಇಳಿದರೆ ಇನ್ನೂ ಆರಬೇಕು. ಪೂರ್ತಿ ತಣ್ಣಗಾದ ಮೇಲೆಯೇ ಬೀಜ ಹಾಕುವುದು, ಬೆಚ್ಚಗಿದ್ದರೆ ಕವಕ ಸಾಯುತ್ತದೆ. ಕೈ ತೊಳೆದು, ಸ್ಪಿರಿಟ್ ಸವರಿ, ಒಂದು ಪದರ ಹುಲ್ಲು, ಒಂದು ಹಿಡಿ ಬೀಜ, ಹೀಗೆ ಒತ್ತೊತ್ತಿ ತುಂಬುತ್ತ ಹೋಗಿ. ಹಸಿ ಹುಲ್ಲಿನ ತೂಕದ ಶೇ. 5ರಿಂದ 10ರಷ್ಟು ಬೀಜ ಬೇಕು. ಇಲ್ಲಿ ಜಿಪುಣತನ ಮಾಡಿದರೆ ಬೂಷ್ಟು ಮುಂದಾಗುತ್ತದೆ. ಮುಚ್ಚಿ, 20ರಿಂದ 24 ಡಿಗ್ರಿಯ ಮಬ್ಬು ಜಾಗದಲ್ಲಿ ಇಡಿ. ಎರಡು ಮೂರು ವಾರದಲ್ಲಿ ತೂತುಗಳಲ್ಲೆಲ್ಲ ಬಿಳಿ ತುಂಬಿಕೊಂಡು ಹೊಸ ಅಣಬೆಯ ಪರಿಮಳ ಬರುತ್ತದೆ.

ಗಾಳಿ ಮತ್ತು ತೇವ

ಕವಕ ಹಬ್ಬುವಾಗ ಉಸಿರುಗಟ್ಟಿದರೂ ನಡೆಯುತ್ತದೆ, ಅಣಬೆ ಏಳುವಾಗ ಹೊಸ ಗಾಳಿ ಬೇಕೇ ಬೇಕು. ಅಣಬೆಯೂ ನಮ್ಮಂತೆ ಆಮ್ಲಜನಕ ಎಳೆದು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಅದು ಸುತ್ತ ಸಂಗ್ರಹವಾದರೆ ಕಾಂಡ ಉದ್ದವಾಗಿ ಛತ್ರಿ ಗುಂಡಿಯಷ್ಟೇ ಉಳಿಯುತ್ತದೆ. ಲಯನ್ಸ್ ಮೇನ್ ಆದರೆ ಉಂಡೆ ಕಟ್ಟದೆ ಹವಳದಂತೆ ಕವಲೊಡೆಯುತ್ತದೆ. ಛತ್ರಿಯ ಅಂಚು ಒಣಗಿ ಕಂದಾಗಿ ಬಿರಿದರೆ ತೇವ ಸಾಲದು ಎಂದರ್ಥ. ಬೆಳೆಯ ಆಕಾರ ಇಷ್ಟು ಸ್ಪಷ್ಟವಾಗಿ ತೋರಿಸುವಾಗ ದುಬಾರಿ ಮೀಟರುಗಳು ಬೇಕಿಲ್ಲ.

ನಾಲ್ಕು ಹಂತದ ಸಣ್ಣ ಗ್ರೀನ್‌ಹೌಸ್ ಸ್ಟ್ಯಾಂಡು, ಪ್ಲಾಸ್ಟಿಕ್ ಹೊದಿಕೆ, ಒಳಗೆ ಹ್ಯೂಮಿಡಿಫೈಯರ್, ಕೆಳಗೂ ಮೇಲೂ ಗಾಳಿಗಂಡಿ, ಓದಲು ಸಾಕಾಗುವಷ್ಟು ಬೆಳಕು. ಇದೇ ಅಣಬೆ ಮನೆ. ಒಂದೇ ಬಕೆಟ್ ಆದರೆ ತೂತುಗಳ ಸುತ್ತ ದಿನಕ್ಕೆ ಎರಡು ಮೂರು ಬಾರಿ ನೀರು ಚಿಮುಕಿಸಿ, ಮೇಲೊಂದು ಸಡಿಲ ಪ್ಲಾಸ್ಟಿಕ್ ಚೀಲ ಹೊದಿಸಿದರೂ ಆಯಿತು.

ಗುಂಡುಪಿನ್ನಿನ ತಲೆಯಷ್ಟಿದ್ದ ಮೊಗ್ಗು ಐದಾರು ದಿನದಲ್ಲಿ ಅಂಗೈ ಅಗಲವಾಗುತ್ತದೆ. ಕೊನೆಯ ಎರಡು ದಿನ ದಿನಕ್ಕೆ ಇಮ್ಮಡಿಯಾಗುವುದನ್ನು ಕಣ್ಣಾರೆ ನೋಡಬಹುದು.

ಕೆಡುವುದು

ಹಸಿರು ಪುಡಿ ಕಂಡರೆ ಅದು ಟ್ರೈಕೋಡರ್ಮಾ. ಒಂದು ತೂತಿನಲ್ಲಿ ಚೂರು ಕಂಡರೆ ಬಕೆಟ್ಟನ್ನು ಹೊರಗಿಟ್ಟು ಕಾದು ನೋಡಬಹುದು. ಹಬ್ಬಿದ್ದರೆ ಚೀಲ ಕಟ್ಟಿ ಎಸೆಯಿರಿ, ಗರಾಜಿನೊಳಗೆ ಬಿಚ್ಚಬೇಡಿ. ಹುಳಿ ನಾತ ಬಂದರೆ ನೀರು ಹೆಚ್ಚಾಗಿದೆ. ಸಣ್ಣ ಕಪ್ಪು ನೊಣಗಳಿಗೆ ಹಳದಿ ಅಂಟುಹಾಳೆ ತೂಗುಹಾಕಿ.

ಬೀಜಾಣುಗಳ ವಿಚಾರ ಇದಕ್ಕಿಂತ ಗಂಭೀರ. ಬಲಿತ ಚಿಪ್ಪಣಬೆ ಕೋಟಿಗಟ್ಟಲೆ ಬೀಜಾಣು ತೂರುತ್ತದೆ. ಅದನ್ನೇ ದಿನಾ ಉಸಿರಾಡಿದ ಅಣಬೆ ಕಾರ್ಮಿಕರಿಗೆ ಕೆಮ್ಮು, ಜ್ವರ, ಏದುಸಿರು ತರುವ ಶ್ವಾಸಕೋಶದ ಅಲರ್ಜಿ ಬರುವುದು ವೈದ್ಯರಿಗೆ ಗೊತ್ತಿರುವ ಸಂಗತಿ. ಮಲಗುವ ಕೋಣೆಯಲ್ಲಿ, ಮಕ್ಕಳು ಆಡುವ ಜಾಗದಲ್ಲಿ ಬೆಳೆಯಬೇಡಿ. ಆಸ್ತಮಾ ಇರುವವರ ಮನೆಯಲ್ಲಿ ಬೆಳೆ ಹೊರಗೇ ಇರಲಿ, ಕೀಳುವಾಗ ಮಾಸ್ಕ್ ಇರಲಿ.

ಕೊಯ್ಲು, ಅಡುಗೆ

ಛತ್ರಿಯ ಅಂಚು ಇನ್ನೂ ಕೆಳಕ್ಕೆ ಬಾಗಿರುವಾಗಲೇ ಗೊಂಚಲನ್ನು ಬುಡದಲ್ಲಿ ಹಿಡಿದು ತಿರುಚಿ ಕೀಳಬೇಕು. ರುಚಿಯೂ ಆಗಲೇ ಚೆನ್ನ, ಬೀಜಾಣುವಿನ ಕಾಟವೂ ಕಡಿಮೆ. ಲಯನ್ಸ್ ಮೇನ್‌ನ ಎಳೆಗಳು ಹಳದಿಗೆ ತಿರುಗುವ ಮುಂಚೆ ಕೀಳಿ. ಒಂದೆರಡು ವಾರ ಬಿಟ್ಟು ಎರಡನೆಯ ಫಸಲು, ಆಮೇಲೆ ಮೂರನೆಯದು. 1 ಕೆಜಿ ಒಣ ಹುಲ್ಲಿನಿಂದ ಒಟ್ಟು ಮುಕ್ಕಾಲಿನಿಂದ 1 ಕೆಜಿ ಹಸಿ ಅಣಬೆ ಬಂದರೆ ಒಳ್ಳೆಯ ಇಳುವರಿ.

ಗುಲಾಬಿ ಚಿಪ್ಪಣಬೆ ಬಿಟ್ಟು ಉಳಿದವು ಕಾಗದದ ಚೀಲದಲ್ಲಿಟ್ಟರೆ ಫ್ರಿಜ್ಜಿನಲ್ಲಿ ಐದಾರು ದಿನ ಬಾಳುತ್ತವೆ, ಪ್ಲಾಸ್ಟಿಕ್‌ನಲ್ಲಿ ಬೆವರಿ ಲೋಳೆಯಾಗುತ್ತವೆ. ಹೆಚ್ಚಾದದ್ದನ್ನು ಪದರ ಮೇಲಾಗಿಟ್ಟು ಬಿಸಿಲಿಗೆ ಒಣಗಿಸಿ, ಸೂರ್ಯನ ಕಿರಣದಿಂದ ಅದರಲ್ಲಿ ಡಿ ಜೀವಸತ್ವವೂ ಹುಟ್ಟುತ್ತದೆ. ಯಾವ ಅಣಬೆಯನ್ನೂ ಹಸಿಯಾಗಿ ತಿನ್ನಬೇಡಿ. ಅರೆಬೆಂದ ಶಿಟಾಕೆ ಕೆಲವರ ಮೈಮೇಲೆ ಚಾಟಿಯ ಬಾಸುಂಡೆಯಂಥ ದದ್ದು ಏಳಿಸುತ್ತದೆ. ಚಿಪ್ಪಣಬೆಯನ್ನು ಮೊದಲು ಎಣ್ಣೆಯಿಲ್ಲದ ಬಾಣಲೆಯಲ್ಲಿ ನೀರು ಹಾರುವವರೆಗೆ ಹುರಿದು, ಆಮೇಲೆ ತೆಂಗಿನಕಾಯಿ, ಬ್ಯಾಡಗಿ ಮೆಣಸಿನ ಸುಕ್ಕಾ ಮಾಡಿದರೆ ಮಸಾಲೆ ಚೆನ್ನಾಗಿ ಹಿಡಿಯುತ್ತದೆ. ಲಯನ್ಸ್ ಮೇನ್‌ಗೆ ಘೀ ರೋಸ್ಟ್ ಒಪ್ಪುತ್ತದೆ.

ಮಾರುವುದಾದರೆ

ನಾಲ್ಕು ಬಕೆಟ್ಟುಗಳನ್ನು ವಾರಕ್ಕೊಂದರಂತೆ ತುಂಬುತ್ತ ಬಂದರೆ ಮನೆಗೆ ಬೇಕಾದಷ್ಟು ಆಗಿ ನೆರೆಮನೆಗೂ ಕೊಡಬಹುದು. ಮಾರುವ ಯೋಚನೆ ಬಂದರೆ ಸನ್ನಿವೇಲ್ ನಗರಾಡಳಿತದ ವ್ಯಾಪಾರ ಪರವಾನಗಿಯ ಬಗ್ಗೆ ವಿಚಾರಿಸಿಕೊಳ್ಳಬೇಕು. ಮರ್ಫಿ ಅವೆನ್ಯೂದಲ್ಲಿ ಶನಿವಾರ ನಡೆಯುವಂಥ ರೈತರ ಸಂತೆಯಲ್ಲಿ ಕೂರಲು ಕೌಂಟಿಯ ಕೃಷಿ ಆಯುಕ್ತರ ಕಚೇರಿ ಜಾಗ ನೋಡಿ ಕೊಡುವ ಬೆಳೆಗಾರರ ಪ್ರಮಾಣಪತ್ರ ಕೇಳುತ್ತಾರೆ. ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆ ಬರಹದಲ್ಲಿರಲಿ, ಸದಾ ತೇವವಿರುವ ಗೋಡೆಯಲ್ಲಿ ಬೂಷ್ಟು ಹಿಡಿದರೆ ದುರಸ್ತಿಯ ಖರ್ಚು ಬಾಡಿಗೆದಾರನ ತಲೆಗೇ ಬರಬಹುದು. ಸ್ಟ್ಯಾಂಡನ್ನು ಗೋಡೆಯಿಂದ ಒಂದು ಮೊಳ ದೂರ, ನೀರು ಹಿಡಿಯುವ ತಟ್ಟೆಯ ಮೇಲೆ ಇಡುವುದು ಮೊದಲ ದಿನದಿಂದಲೇ ಆಗಬೇಕು.